ಶಬ್ದಕ್ಕೊಂದು ಸೇರು

ಈ ಸ್ಮರಣ ಸಂಚಿಕೆಗೆ ಶಬ್ದಶಾಸ್ತ್ರವನ್ನು ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದ್ದರು. ಅವರ ಮಾತನ್ನು ಮೀರಿಲ್ಲ. ಶಬ್ದವನ್ನು ಕುರಿತೇ ಬರೆಯುತ್ತಿದ್ದೇನೆ. ಆದರೆ ಇದು ಕೇಶಿರಾಜನು ವಿವೇಚಿಸಿದ ಶಬ್ದವಲ್ಲ, ಕಿವಿಗೆ ಬಡಿಯುವ ಶಬ್ದ. ಭೌತಶಾಸ್ತ್ರವನ್ನು ಬೋಧಿಸುವ ಸಹೋದ್ಯೋಗಿಗಳು ಪಂಡಿತನ ಈ ಅಧಿಕಪ್ರಸಂಗವನ್ನು ಮನ್ನಿಸಬೇಕು.

ಕಳೆದ ಮಾಗಿಯಲ್ಲಿ ಬಂಟ್ವಾಳ ತಾಲೂಕಿನ ನಮ್ಮ ಹಿರಿಯರ ಮನೆಯ ಗದ್ದೆಯಲ್ಲಿ ಹರಕೆಯ ಬಯಲಾಟ ಏರ್ಪಟ್ಟಿತ್ತು. ಹಿಂದೆ ಆಟವೆಂದರೆ ಬೆಳಗಿನವರೆಗೆ. ನಮ್ಮದು ಕಾಲಮಿತಿಯ ಆಟ, ರಾತ್ರಿ ಹತ್ತರೊಳಗೆ ಮಂಗಳ. ಪೂರ್ವರಂಗದ ಚೆಂಡೆ ಆರಂಭವಾದೊಡನೆ ನೆರೆಮನೆಯ ಯುವಕನು ಬಂದು ನಿಂತನು. ಅವನ ತಂದೆ ಹೃದ್ರೋಗದಿಂದ ಹಾಸಿಗೆ ಹಿಡಿದವರು. ಜಗಳದ ಮಾತಿಲ್ಲದೆ ಕೈಯಲ್ಲಿದ್ದ ಮೊಬೈಲನ್ನು ತೋರಿಸಿ, “೮೧ ಡೆಸಿಬೆಲ್, ನೀವೇ ನೋಡಿ ಮಾಷ್ಟ್ರೇ” ಎಂದನು. ನನ್ನ ತಮ್ಮನು ತನ್ನದನ್ನು ತೆಗೆದನು, ಅದರಲ್ಲಿ ೬೮. ಧ್ವನಿವರ್ಧಕದವನ ಮೊಬೈಲಿನಲ್ಲಿ ೭೪. ಒಂದೇ ಸ್ಥಳ, ಒಂದೇ ಚೆಂಡೆ, ಮೂರು ಸಂಖ್ಯೆಗಳು! ಯಾವುದನ್ನು ನಂಬುವುದು?

ಈ ಸಂಖ್ಯೆಗಳು ಕೇವಲ ಕುತೂಹಲದ ವಿಷಯವಲ್ಲ. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು ೫೫, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫ ಡೆಸಿಬೆಲ್ ಮಿತಿ. ಖಾಸಗಿ ಸ್ಥಳದ ಧ್ವನಿವರ್ಧಕವು ಆ ಸ್ಥಳದ ಎಲ್ಲೆಯಲ್ಲಿ ಈ ಮಿತಿಯನ್ನು ಐದಕ್ಕಿಂತ ಹೆಚ್ಚು ಮೀರಕೂಡದು. ಎಂದರೆ ನಮ್ಮ ಗದ್ದೆಯ ಅಂಚಿನಲ್ಲಿ ೬೦. ರಾತ್ರಿಯ ಶಬ್ದದ ಇದೇ ನಿಯಮದ ಕಾರಣವಾಗಿ ೨೦೨೨ರಲ್ಲಿ ಕಟೀಲು ಮೇಳಗಳು ಇಡೀ ರಾತ್ರಿಯ ಆಟವನ್ನು ಬಿಟ್ಟು ಕಾಲಮಿತಿಗೆ ಹೊರಳಿದ್ದನ್ನೂ, ವಿಷಯವು ಉಚ್ಚ ನ್ಯಾಯಾಲಯದವರೆಗೆ ಹೋದುದನ್ನೂ ಕರಾವಳಿಯವರೆಲ್ಲ ಬಲ್ಲರು. ಒಂದು ಕಲೆಯ ರಾತ್ರಿಯೂ ಒಬ್ಬ ರೋಗಿಯ ನಿದ್ರೆಯೂ ಒಂದು ಸಂಖ್ಯೆಯನ್ನು ಅವಲಂಬಿಸಿರುವಾಗ ಆ ಸಂಖ್ಯೆ ಎಲ್ಲಿಂದ ಬಂದಿತೆಂದು ಕೇಳುವುದು ನ್ಯಾಯವೇ ಸರಿ.

ನಮ್ಮ ಬಾಲ್ಯದಲ್ಲಿ ಅಕ್ಕಿಯನ್ನು ಸೇರಿನಿಂದ ಅಳೆಯುತ್ತಿದ್ದರು. ನಲವತ್ತೆರಡು ಸೇರಿಗೆ ಒಂದು ಮುಡಿ. ಅಂಗಡಿಯ ಸೇರಿಗೆ ಸರಕಾರದ ಮುದ್ರೆ ಇರಬೇಕಾಗಿತ್ತು. ತಳ ತಗ್ಗಿದ ಸೇರಿನಿಂದ ಎಷ್ಟೇ ಪ್ರಾಮಾಣಿಕನು ಅಳೆದರೂ ಲೆಕ್ಕ ತಪ್ಪೇ. ಮೊಬೈಲಿನ ಮೈಕು ಮುದ್ರೆಯಿಲ್ಲದ ಸೇರು. ಮಾತು ಸ್ಪಷ್ಟವಾಗಿ ಕೇಳಲೆಂದು ಅದು ಮೆಲುದನಿಯನ್ನು ಎತ್ತುತ್ತದೆ, ಜೋರುದನಿಯನ್ನು ತಗ್ಗಿಸುತ್ತದೆ. ಮಾತಿಗೆ ಇದು ಉಪಕಾರ, ಅಳತೆಗೆ ದ್ರೋಹ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಮೂಡುಬಿದಿರೆಯಲ್ಲಿ ಧ್ವನಿಮುದ್ರಣದ ಉದ್ಯೋಗದಲ್ಲಿದ್ದಾನೆ. ಆಟಕ್ಕೆಂದು ಬಂದಿದ್ದವನು ಕಾರಿನಿಂದ ತನ್ನ ಸಲಕರಣೆಗಳನ್ನು ಇಳಿಸಿದನು. ಪೆನ್ಸಿಲಿನಂತೆ ತೆಳುವಾದ, ಎಲ್ಲ ದಿಕ್ಕಿನ ಶಬ್ದವನ್ನೂ ಸಮವಾಗಿ ಗ್ರಹಿಸುವ ಅಳತೆಯ ಮೈಕು ಒಂದು. ಅದಕ್ಕೆ ೪೮ ವೋಲ್ಟ್ ವಿದ್ಯುತ್ತನ್ನು ಕೊಟ್ಟು, ಅದು ಕಳಿಸುವ ಸಂಕೇತವನ್ನು ಅಂಕಿಗಳಾಗಿ ಗಣಕಕ್ಕೆ ಒಪ್ಪಿಸುವ ಪೆಟ್ಟಿಗೆ ಇನ್ನೊಂದು. ಇದಕ್ಕೆ ಆಡಿಯೋ ಇಂಟರ್ಫೇಸ್ ಎಂದು ಹೆಸರು. ಮೂರನೆಯದು ಅಂಗೈಯಲ್ಲಿ ಹಿಡಿಸುವ ಕ್ಯಾಲಿಬ್ರೇಟರ್. ಮೂರರಲ್ಲಿ ಮುದ್ರೆಯ ಸೇರು ಇದೇ.

ಕ್ಯಾಲಿಬ್ರೇಟರಿಗೆ ತಿಳಿದಿರುವುದು ಒಂದೇ ಸ್ವರ: ಸೆಕೆಂಡಿಗೆ ೧೦೦೦ ಕಂಪನ, ೯೪ ಡೆಸಿಬೆಲ್. ಈ ತೊಂಬತ್ತನಾಲ್ಕು ಯಾರೋ ಮನಬಂದಂತೆ ಇಟ್ಟುದಲ್ಲ. ಮನುಷ್ಯನ ಕಿವಿಗೆ ಕೇಳಿಸುವ ಅತ್ಯಲ್ಪ ಶಬ್ದದ ಒತ್ತಡವನ್ನು ಒಂದು ಪಾಸ್ಕಲಿನ ಲಕ್ಷದಲ್ಲಿ ಎರಡು ಭಾಗವೆಂದು ಹಿಡಿದು ಅದಕ್ಕೆ ಸೊನ್ನೆ ಡೆಸಿಬೆಲ್ ಎಂದಿದ್ದಾರೆ; ಆ ಲೆಕ್ಕದಲ್ಲಿ ಸರಿಯಾಗಿ ಒಂದು ಪಾಸ್ಕಲ್ ಒತ್ತಡವೇ ೯೪. ಕಿವಿಯ ಸ್ವಭಾವಕ್ಕೆ ತಕ್ಕಂತೆ ತಗ್ಗಿನ ಸ್ವರಗಳನ್ನು ಕಡಿಮೆ ಎಣಿಸುವ ‘ಎ’ ಎಂಬ ತೂಕವನ್ನು ಕಾನೂನು ವಿಧಿಸಿದೆಯಷ್ಟೆ. ೧೦೦೦ ಕಂಪನದಲ್ಲಿ ಆ ತೂಕ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

ಕ್ಯಾಲಿಬ್ರೇಟರಿನ ರಂಧ್ರಕ್ಕೆ ಮೈಕಿನ ತಲೆಯನ್ನು ತೂರಿಸಿ ಸ್ವರವನ್ನು ಹೊರಡಿಸಬೇಕು. ಗಣಕದ ಲೆಕ್ಕದಲ್ಲಿ ಅತ್ಯಂತ ದೊಡ್ಡ ಧ್ವನಿಗೆ ಸೊನ್ನೆ, ಉಳಿದುದೆಲ್ಲ ಋಣಸಂಖ್ಯೆ. ಸ್ವರವು ಅಲ್ಲಿ ಋಣ ೨೬ ಎಂದು ಕಂಡಿತೆನ್ನಿ. ನಿಜವಾದುದು ೯೪, ಆದುದರಿಂದ ಅಂತರ ೧೨೦. ಇನ್ನು ಮುಂದೆ ಗಣಕ ತೋರಿಸುವ ಪ್ರತಿಯೊಂದು ಅಂಕಿಗೂ ೧೨೦ನ್ನು ಕೂಡಿದರೆ ನಿಜವಾದ ಡೆಸಿಬೆಲ್. ಪೆಟ್ಟಿಗೆಯ ಮೇಲೆ ಧ್ವನಿಯನ್ನು ಏರಿಸಿ ಇಳಿಸುವ ಗುಂಡಿ ಇರುತ್ತದೆ. ಅಂತರವನ್ನು ಗೊತ್ತುಮಾಡಿದ ಬಳಿಕ ಅದನ್ನು ಎಳ್ಳಷ್ಟು ತಿರುಗಿಸಿದರೂ ಮಾಡಿದ್ದೆಲ್ಲ ವ್ಯರ್ಥ. ನಮ್ಮ ಶಿಷ್ಯನು ಅದರ ಮೇಲೆ ಅಂಟುಪಟ್ಟಿಯನ್ನೇ ಮೆತ್ತಿದ್ದನು.

ಗದ್ದೆಯ ಅಂಚಿನಲ್ಲಿ ಕಾಲು ಗಂಟೆ ಅಳೆದಾಗ ೭೩ ಬಂದಿತು. ಯುವಕನ ಮುಖ ಅರಳಿತು, ತಮ್ಮನದು ಬಾಡಿತು. ಅಷ್ಟರಲ್ಲಿ ಶಿಷ್ಯನು ಹಣೆ ಚಚ್ಚಿಕೊಂಡನು. “ಗುರುಗಳೇ, ತಪ್ಪು ನನ್ನದು. ಉಂಗುರ ಸಡಿಲವಾಗಿತ್ತು.” ತೆಳುವಾದ ಮೈಕನ್ನು ಅಗಲವಾದ ರಂಧ್ರದಲ್ಲಿ ಬಿಗಿಯಾಗಿ ಕೂಡಿಸಲು ಒಂದು ಉಂಗುರ ಬೇಕು. ಅದು ಸಡಿಲವಾದರೆ ಒತ್ತಡ ಸೋರಿ ಮೈಕಿಗೆ ೯೪ ತಲಪುವುದೇ ಇಲ್ಲ. ಅಂತರವು ಹೆಚ್ಚಾಗಿ ಬಂದು, ಮುಂದಿನ ಅಳತೆಯೆಲ್ಲ ಉಬ್ಬುತ್ತದೆ. ಉಂಗುರವನ್ನು ಬದಲಿಸಿ ಮತ್ತೆ ಸ್ವರ ಕೊಟ್ಟಾಗ ಮೂರು ಡೆಸಿಬೆಲ್ಲಿನ ವ್ಯತ್ಯಾಸ. ನಿಜವಾದ ಸಂಖ್ಯೆ ೭೦. ೮೧ ಅಲ್ಲ, ೬೮ ಅಲ್ಲ. ಆದರೂ ಮಿತಿಗಿಂತ ಹತ್ತು ಹೆಚ್ಚು. ತಮ್ಮನು ಮರುಮಾತಾಡಲಿಲ್ಲ.

ನೆರೆಮನೆಯತ್ತ ಬಾಯಿ ಮಾಡಿದ್ದ ಎರಡು ಹಾರನ್‌ಗಳನ್ನು ತಿರುಗಿಸಿದರು. ಚೆಂಡೆಯ ಮುಂದಿನ ಮೈಕನ್ನು ತೆಗೆದರು. ಚೆಂಡೆಗೆ ಮೈಕು ಏಕೆಂದು ನನಗೆ ಎಂದೂ ಅರ್ಥವಾಗಿಲ್ಲ. ಸಂಖ್ಯೆ ೬೨ಕ್ಕೆ ಇಳಿಯಿತು. ಇನ್ನೂ ಎರಡು ಉಳಿದಿತ್ತು. ಭಾಗವತರ ಮೈಕನ್ನು ತುಸು ತಗ್ಗಿಸಿದ ಮೇಲೆ ಅದೂ ಹೋಯಿತು. ಯುವಕನು ತಂದೆಯ ಕೋಣೆಯ ಕಿಟಕಿ ಮುಚ್ಚಿ ಬಂದು ಪ್ರಸಂಗ ಮುಗಿಯುವತನಕ ಕುಳಿತು ನೋಡಿದನು.

ಸರಾಸರಿಯ ವಿಷಯದಲ್ಲಿ ನನ್ನಂತಹವರು ಎಡವುವುದುಂಟು. ಅರ್ಧ ಗಂಟೆ ೮೦ರ ಚೆಂಡೆ, ಅರ್ಧ ಗಂಟೆ ೬೦ರ ಅರ್ಥಗಾರಿಕೆ ನಡೆದರೆ ಸರಾಸರಿ ೭೦ ಎಂದು ನಾನೆಂದೆ. ೭೭ ಎಂದು ಶಿಷ್ಯನು ತಿದ್ದಿದನು. ಕಾನೂನು ಕೇಳುವುದು ಶಕ್ತಿಯ ಸರಾಸರಿಯನ್ನು. ೮೦ರ ಶಕ್ತಿ ೬೦ರ ನೂರು ಪಟ್ಟು.

ಆಟ ಮುಗಿದ ಮೇಲೆ ಮತ್ತೊಮ್ಮೆ ಕ್ಯಾಲಿಬ್ರೇಟರನ್ನು ತೊಡಿಸಿ ನೋಡಿದನು. ಮೊದಲಿಗೂ ಕೊನೆಗೂ ಅರ್ಧ ಡೆಸಿಬೆಲ್ಲಿಗಿಂತ ಹೆಚ್ಚು ಭೇದ ಬಂದರೆ ನಡುವಣ ಅಳತೆಯನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಳ್ತಂಗಡಿಯ ಕಡೆ, ಚಾರ್ಮಾಡಿಯ ಬುಡದ ಹಳ್ಳಿಗಳಲ್ಲಿ, ಮಾಗಿಯ ಇಬ್ಬನಿ ಮೈಕಿನ ಪೊರೆಯ ಮೇಲೆ ಕುಳಿತು ಅಳತೆಯನ್ನು ಕೆಡಿಸಿದ್ದನ್ನು ಅವನು ಅನುಭವದಿಂದ ಬಲ್ಲನು. ಕ್ಯಾಲಿಬ್ರೇಟರನ್ನೂ ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಪ್ರಮಾಣಪತ್ರ ತರಿಸುತ್ತಾನಂತೆ. ಸೇರಿಗೂ ಮುದ್ರೆ ಹಳತಾಗುತ್ತದೆಯಲ್ಲವೆ?

ನಮ್ಮ ಶಾಲೆಗೆ ಧ್ವನಿವರ್ಧಕವನ್ನು ಕೊಟ್ಟ ದಾನಿಗಳಂತಹವರೂ ಈ ಪುಟಗಳನ್ನು ಓದುವರು; ಅವರು ಬೇಸರಿಸಬಾರದು. ಶಾಲೆಯ ಸುತ್ತಲಿನ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅದೇ ನಿಯಮಗಳಲ್ಲಿ ಅವಕಾಶವಿದೆ. ಅಲ್ಲಿ ಹಗಲಿನ ಮಿತಿ ೫೦. ಬರುವ ವಾರ್ಷಿಕೋತ್ಸವಕ್ಕೆ ಶಿಷ್ಯನು ತನ್ನ ಸಲಕರಣೆಗಳೊಡನೆ ಬರಲು ಒಪ್ಪಿದ್ದಾನೆ. ಅವನದು ಒಂದೇ ನಿಬಂಧನೆ: ಅಂಟುಪಟ್ಟಿ ಮೆತ್ತಿದ ಗುಂಡಿಯನ್ನು ಯಾರೂ, ಮುಖ್ಯೋಪಾಧ್ಯಾಯರೂ, ಮುಟ್ಟಕೂಡದು.