ಅಂಡಮಾನ್‌ನಲ್ಲಿ ಮಳೆಯೇ ಹೀರೋ!

ಮಳೆ ಅಂದ್ರೆ ನಮಗೆ ಸಿನಿಮಾ ಮಳೆ. ನಾಯಕಿ ನೆನೆಯಬೇಕು, ನಾಯಕ ಹಾಡಬೇಕು, ಫ್ರೇಮಿನಾಚೆ ನಿಂತ ಟ್ಯಾಂಕರ್ ನೀರು ಸುರಿಸಬೇಕು! ನಿಜವಾದ ಮಳೆ ಹಾಗಲ್ಲ ಸ್ವಾಮಿ. ಹೆಗಲಿಗೆ ಕ್ಯಾಮೆರಾ ನೇತುಹಾಕಿಕೊಂಡವನ ಹೊಟ್ಟೆಯ ಮೇಲೇ ಅದು ಹೊಡೆಯುತ್ತೆ.

ಕಳೆದ ಜೂನ್‌ನಲ್ಲಿ ನಾವು ನಾಲ್ವರು ಗೆಳೆಯರು ಅಂಡಮಾನ್‌ಗೆ ಹೊರಟೆವು. ಮಳೆಗಾಲ, ಟಿಕೆಟ್ ಅಗ್ಗ. ಶಿವಣ್ಣನ ಜೊತೆ ಅವರ ಮಗಳು ನಿವೇದಿತಾ ಬಾಲನಟಿಯಾಗಿದ್ದ, ಪಿ.ಎಚ್. ವಿಶ್ವನಾಥ್ ನಿರ್ದೇಶನದ 1998ರ 'ಅಂಡಮಾನ್' ಚಿತ್ರವನ್ನು ಟಿ.ವಿ.ಯಲ್ಲಿ ಅದೆಷ್ಟು ಸಲ ನೋಡಿದ್ದೆನೋ! ಅಂದಿನಿಂದ ಆ ಹೆಸರು ಕೇಳಿದರೆ ಸಾಕು, ಕಣ್ಣಲ್ಲಿ ಸಮುದ್ರ.

ಹೊರಡುವ ಮುಂಚೆ ಸಂಪಾದಕರು ಹೇಳಿದ್ದು ಒಂದೇ ಮಾತು: "ನೀಲಿ ಸಮುದ್ರ, ಬಿಳಿ ಮರಳು, ಬಣ್ಣದ ಫೋಟೋ ತಂದರೆ ಮಧ್ಯದ ಎರಡು ಪುಟ ನಿನ್ನದು." ಪಿ.ಯು.ಸಿ. ಅರ್ಧಕ್ಕೆ ಬಿಟ್ಟು, ಬರೆದಷ್ಟಕ್ಕೇ ಸಂಭಾವನೆ ಪಡೆದು ಬದುಕುವವನಿಗೆ ಆ ಎರಡು ಪುಟ ಅಂದ್ರೆ ಎರಡು ತಿಂಗಳ ರೂಮಿನ ಬಾಡಿಗೆ. ಕ್ಯಾಮೆರಾ ಮಾತ್ರ ನನ್ನದಲ್ಲ. ಗಾಂಧಿನಗರದ ಸ್ಥಿರಚಿತ್ರ ಛಾಯಾಗ್ರಾಹಕ ಗೆಳೆಯನೊಬ್ಬನದು. "ಒಂದು ಹನಿ ಒಳಗೆ ಹೋದ್ರೂ ನೀನೇ ಕೊಂಡ್ಕೋಬೇಕು ಮಗಾ" ಅಂತ ಹೇಳಿಯೇ ಕೊಟ್ಟಿದ್ದ.

ಮೂರು ದಿನ ಮೋಡ, ಜಿಟಿಜಿಟಿ. ಉಳಿದದ್ದು ಕೊನೆಯ ಒಂದೇ ದಿನ. ಆ ದಿನ ಬೆಳಿಗ್ಗೆ ಐದಕ್ಕೇ ಎದ್ದೆ. ಕಿಟಕಿ ತೆಗೆದರೆ... ಆಕಾಶವೇ ಕಳಚಿ ಬಿದ್ದಂಥ ಮಳೆ!

ದೋಣಿ ಇಲ್ಲ, ದಾರಿ ಇಲ್ಲ

ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಾಗಿದೆ. ಕೇರಳಕ್ಕೂ ಮುಂಚೆ, ಮೇ ತಿಂಗಳಲ್ಲೇ ಇಲ್ಲಿ ಮುಂಗಾರು ಕಾಲಿಡುತ್ತದೆ. ಇದು ಗೊತ್ತಿದ್ದೂ ಜೂನ್‌ನಲ್ಲಿ ಹೋದ ನಮಗೆ ಬುದ್ಧಿ ಇಲ್ಲ ಅನ್ನಿ!

ಬಿಳಿ ಮರಳಿನ ರಾಧಾನಗರ ಬೀಚ್ ಇರುವುದು ಹ್ಯಾವ್‌ಲಾಕ್‌ನಲ್ಲಿ, ಅಂದರೆ 2018ರಿಂದ ಸ್ವರಾಜ್ ದ್ವೀಪದಲ್ಲಿ. ಸಮುದ್ರ ಕೆರಳಿದೆ, ಅಲ್ಲಿಗೆ ದೋಣಿ ಇಲ್ಲ ಅಂದರು. ಹಳೇ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನಮರ, ದೀಪಸ್ತಂಭದ ಚಿತ್ರ ಇದೆಯಲ್ಲ, ಅದು ಮೌಂಟ್ ಹ್ಯಾರಿಯಟ್ ಬೆಟ್ಟದಿಂದ ಕಾಣುವ ನೋಟ. ನೋಟನ್ನೂ ನೋಟವನ್ನೂ ಒಟ್ಟಿಗೆ ಹಿಡಿದು ಫೋಟೋ ತೆಗೆಯೋಣ ಅಂತ ಜೇಬಲ್ಲಿ ಇಟ್ಟುಕೊಂಡಿದ್ದೆ. ಆ ಬೆಟ್ಟದ ಕಡೆ ನೋಡಿದರೆ ಬರೀ ಹಾಲಿನಂಥ ಮಂಜು. ನೋಟು ಜೇಬಲ್ಲೇ ನೆನೆಯಿತು!

ಗೆಳೆಯರು ಇಸ್ಪೀಟು ಹಾಕಿಕೊಂಡು ಕುಳಿತರು. ನನಗೆ ಕೂರಲು ಆಗಲಿಲ್ಲ. ಕ್ಯಾಮೆರಾಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಲೆನ್ಸಿಗೆ ಮಾತ್ರ ತೂತು ಮಾಡಿ, ಒರೆಸಲು ಒಂದು ಒಣ ಬನಿಯನ್ ಒಳಜೇಬಿಗೆ ತುರುಕಿ ಹೊರಟೆ. ಹನ್ನೊಂದರ ಹೊತ್ತಿಗೆ ಮಳೆ ಕೊಂಚ ಇಳಿಯಿತು. ಎದುರಿಗೇ ಇರುವ ರಾಸ್ ದ್ವೀಪಕ್ಕೆ ಒಂದು ದೋಣಿ ಬಿಟ್ಟರು.

ಬೇರುಗಳ ಅರಮನೆ

1858ರಿಂದ ಬ್ರಿಟಿಷರು ಇಡೀ ಅಂಡಮಾನ್ ಆಳಿದ್ದು ಈ ಪುಟ್ಟ ರಾಸ್ ದ್ವೀಪದಲ್ಲಿ ಕುಳಿತು. ಬೇಕರಿ, ಛಾಪಖಾನೆ, ಚರ್ಚು, ಈಜುಕೊಳ, ಎಲ್ಲ ಇತ್ತಂತೆ. 1941ರಲ್ಲಿ ಭೂಕಂಪ. 1942ರಲ್ಲಿ ಜಪಾನೀಯರು ಬಂದರು. ಆಮೇಲೆ ಕಾಡು ಬಂತು. ಈಗಿನ ಹೆಸರು ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ.

ಅಲ್ಲಿ ಇಳಿದವನು ದಂಗಾಗಿ ನಿಂತುಬಿಟ್ಟೆ. ಸೂರಿಲ್ಲದ ಚರ್ಚಿನ ಗೋಡೆಯನ್ನು ಮರದ ಬೇರುಗಳು ಹೆಬ್ಬಾವಿನಂತೆ ಸುತ್ತಿಕೊಂಡಿವೆ. ಒದ್ದೆಯಾದ ಇಟ್ಟಿಗೆ ರಕ್ತದಷ್ಟು ಕೆಂಪು, ಪಾಚಿ ಗಿಳಿಹಸಿರು. ಬಿಸಿಲಿದ್ದಿದ್ದರೆ ಈ ಬಣ್ಣ ಬರುತ್ತಲೇ ಇರಲಿಲ್ಲ! ಒಂದು ಜಿಂಕೆ ಬಾಗಿಲ ಚೌಕಟ್ಟಿನೊಳಗೆ ಬಂದು, ಕ್ಲೋಸಪ್ಪಿಗೆ ನಿಂತಂತೆ ನನ್ನನ್ನೇ ನೋಡಿತು. ಕ್ಲಿಕ್! ಲೆನ್ಸ್ ಒರೆಸುವುದು, ಕ್ಲಿಕ್ಕಿಸುವುದು, ಮತ್ತೆ ಒರೆಸುವುದು. ಬನಿಯನ್ ಮುದ್ದೆಯಾಯಿತು. ಆದರೂ ಸಂಪಾದಕರು ಕೇಳಿದ ನೀಲಿ ಸಮುದ್ರ ಎಲ್ಲಿ? ಅದು ಬೂದಿ ಬಣ್ಣಕ್ಕೆ ತಿರುಗಿ ಗುಟುರು ಹಾಕುತ್ತಿತ್ತು.

ಜೈಲಿನಲ್ಲಿ ಹೀರೋ ಪೋಸು

ಮೂರು ಗಂಟೆಗೆ ಈಚೆ ದಡಕ್ಕೆ ಬಂದು ಸೆಲ್ಯುಲರ್ ಜೈಲು ಹೊಕ್ಕೆ. ಇಲ್ಲಿ ಸೂರ್ಯ ನಮಗಿಂತ ಬೇಗ ಮುಳುಗುತ್ತಾನೆ, ಆರಕ್ಕೆಲ್ಲ ಕತ್ತಲು. ಬೆಳಕಿರುವುದು ಎರಡೇ ತಾಸು.

ಮೋಹನ್‌ಲಾಲ್, ತಬು, ಪ್ರಭು, ಅಮರೀಶ್ ಪುರಿ ನಟಿಸಿ, ಪ್ರಿಯದರ್ಶನ್ ನಿರ್ದೇಶಿಸಿದ 1996ರ 'ಕಾಲಾಪಾನಿ' ನೋಡಿದವರಿಗೆ ಈ ಜಾಗ ಹೇಳಿಕೊಡಬೇಕಿಲ್ಲ. 1896ರಲ್ಲಿ ಶುರುವಾಗಿ 1906ಕ್ಕೆ ಮುಗಿದ ಕಟ್ಟಡ. ನಡುವೆ ಕಾವಲು ಗೋಪುರ, ಚಕ್ರದ ಅರೆಕಾಲುಗಳಂತೆ ಏಳು ಸಾಲು. ಈಗ ಉಳಿದಿರುವುದು ಮೂರೇ. ಒಂದು ಸಾಲಿನ ಕೋಣೆಗಳ ಮುಖ ಇನ್ನೊಂದು ಸಾಲಿನ ಬೆನ್ನಿಗೆ. ಒಬ್ಬ ಕೈದಿಯ ಮುಖ ಇನ್ನೊಬ್ಬನಿಗೆ ಕಾಣಲೇಬಾರದು, ಅದೇ ಲೆಕ್ಕಾಚಾರ! ಎತ್ತಿನ ಬದಲು ಮನುಷ್ಯನನ್ನು ಗಾಣಕ್ಕೆ ಕಟ್ಟಿ, ದಿನಕ್ಕೆ ಮೂವತ್ತು ಪೌಂಡ್ ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರು.

ಇದೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು ಗೊತ್ತೇ? ಒಂದು ಕೋಣೆ ಹೊಕ್ಕು, ಕಾಲರ್ ಎತ್ತಿ, ಕಂಬಿ ಹಿಡಿದು ಹೀರೋ ಪೋಸು ಕೊಟ್ಟೆ! ಮಳೆಗೆ ಜಗಲಿಯಲ್ಲಿ ನಿಂತಿದ್ದ ಒಬ್ಬ ಹಿರಿಯರ ಕೈಗೆ ಕ್ಯಾಮೆರಾ ಕೊಟ್ಟು, ನನ್ನ ಮುರುಕಲು ಹಿಂದಿಯಲ್ಲಿ "ಒಂದು ತೆಗೀರಿ" ಅಂದೆ. ಅವರು ಏನೂ ಅನ್ನದೆ ತೆಗೆದುಕೊಟ್ಟರು. ಪಕ್ಕದ ನೇಣುಗಂಬದ ಮನೆಯಿಂದ ಹುಡುಗರ ನಗು ಕೇಳುತ್ತಿತ್ತು. ಹಗ್ಗದ ಕುಣಿಕೆಯ ಮುಂದೆ ನಾಲಿಗೆ ಚಾಚಿ ಸೆಲ್ಫಿ ತೆಗೆಯುತ್ತಿದ್ದರು.

ಮಳೆ ಜೋರಾಯಿತು. ಇಬ್ಬರೂ ಅಲ್ಲೇ ಕುಳಿತೆವು. ಹಿರಿಯರು ಮೆಲ್ಲಗೆ ಹೇಳಿದರು:

"ನಾವು ಇಲ್ಲೇ ಹುಟ್ಟಿದವರು. ನಮ್ಮ ಅಜ್ಜನನ್ನು ಕೈದಿಯಾಗಿ ಹಡಗಿನಲ್ಲಿ ತಂದರು. ಶಿಕ್ಷೆ ಮುಗಿದ ಮೇಲೆ ಊರಿಗೆ ಹೋಗಲೇ ಇಲ್ಲ. ಯಾವ ಕೋಣೆಯಲ್ಲಿದ್ದನೋ ಗೊತ್ತಿಲ್ಲ. ಅವನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ."

ಅಷ್ಟೇ. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ನನಗೆ ಕಪಾಳಕ್ಕೆ ಹೊಡೆದಂತಾಯಿತು.

ನನ್ನ ಹೀರೋ ಪೋಸನ್ನು ಅವರೆದುರೇ ಅಳಿಸಿದೆ. ಆ ಕೋಣೆಗೆ ಮತ್ತೆ ಒಬ್ಬನೇ ಹೋದೆ. ಅಳೆದು ನೋಡಿದೆ: ಉದ್ದಕ್ಕೆ ಐದು ಹೆಜ್ಜೆ, ಅಗಲಕ್ಕೆ ಮೂರು. ಎಟುಕದ ಎತ್ತರದಲ್ಲಿ ಒಂದು ಗವಾಕ್ಷಿ. ಅಲ್ಲಿಂದ ಬೂದು ಬೆಳಕು ಇಳಿದು ನೆಲದ ಮೇಲೆ ಬಿದ್ದಿತ್ತು. ಹೊರಗೆ ಮಳೆಯ ಸದ್ದು, ಸಮುದ್ರದ ಸದ್ದು. ಸಮುದ್ರ ಕೇಳುತ್ತೆ, ಕಾಣಲ್ಲ! ಅಜ್ಜನಿಗೂ ಹೀಗೇ ಕೇಳಿರಬೇಕು.

ಹೊರಬಂದು ಕೇಳಿದೆ: "ನಿಮ್ಮದೊಂದು ಫೋಟೋ ತೆಗೆಯಲೇ?" ಅವರು ಸ್ವಲ್ಪ ಯೋಚಿಸಿ, ಕೊಡೆ ಮಡಚಿ, ಆ ಬಾಗಿಲ ಪಕ್ಕ ನೆಟ್ಟಗೆ ನಿಂತರು. ಬೆಳಕು ಇಲ್ಲವೇ ಇಲ್ಲ. ಉಸಿರು ಬಿಗಿಹಿಡಿದು, ಕೈ ನಡುಗದಂತೆ ಕಂಬಕ್ಕೆ ಒರಗಿ ಕ್ಲಿಕ್ಕಿಸಿದೆ. ಒಂದೇ ಒಂದು.

ಕೊನೆಗೆ...

ಕ್ಯಾಮೆರಾಗೆ ಏನೂ ಆಗಲಿಲ್ಲ, ಗೆಳೆಯ ಬಚಾವು! ಸಂಪಾದಕರು ಫೋಟೋಗಳನ್ನು ನೋಡಿ, "ನೀಲಿ ಎಲ್ಲಯ್ಯಾ?" ಅಂದರು. ಕಥೆ ಹೇಳಿದೆ. ಸುಮ್ಮನಾದರು. ಮಧ್ಯದ ಎರಡು ಪುಟ ಈ ವಾರ ಒಬ್ಬ ನಟಿಗೆ ಹೋಯಿತು, ನನಗೆ ಸಿಕ್ಕಿದ್ದು ಈ ಒಂದು ಪುಟ. ಬೇಜಾರಿಲ್ಲ. ಹಿರಿಯರ ಚಿತ್ರವನ್ನು ಇಲ್ಲಿ ಹಾಕಿಲ್ಲ, ಅದರ ದೊಡ್ಡ ಪ್ರತಿಯೊಂದನ್ನು ಅಂಚೆಯಲ್ಲಿ ಅವರ ಮನೆಗೇ ಕಳಿಸಿದ್ದೇನೆ. ಅವರ ಮೊಮ್ಮಕ್ಕಳಾದರೂ ಅಜ್ಜನ ಫೋಟೋ ಇಲ್ಲ ಅನ್ನಬಾರದು.

ನೀವೂ ಹೋಗಿ ಗೆಳೆಯರೇ. ಮಳೆ ಬಂದರೆ ಬೈಯಬೇಡಿ. ಜೈಲಿಗೆ ಹೋದರೆ ಫೋಟೋ ತೆಗೆಯಿರಿ, ಪೋಸು ಕೊಡಬೇಡಿ. ತೆಂಗಿನಮರ, ದೀಪಸ್ತಂಭ ಅಷ್ಟೇ ಸಾಕು ಅನ್ನುವವರು ಅಷ್ಟು ದೂರ ಹೋಗುವುದೇ ಬೇಡ... ಹಳೇ ಇಪ್ಪತ್ತು ರೂಪಾಯಿ ನೋಟು ತಿರುಗಿಸಿ ನೋಡಿಕೊಳ್ಳಿ!