ಅಟ್ಟದಿಂದಿಳಿದ ಮೊರಕ್ಕೆ ಬಣ್ಣದ ಬಾಳು

ಅಟ್ಟ ಗುಡಿಸುವಾಗ ಸಾಮಾನುಗಳು ಒಂದು ಸರದಿಯಲ್ಲೇ ಇಳಿಯುತ್ತವೆ. ಮೊದಲು ಗಾಜೊಡೆದ ಲಾಟೀನು, ಆಮೇಲೆ ತುಕ್ಕು ಹಿಡಿದ ಟ್ರಂಕು, ಎಲ್ಲಕ್ಕಿಂತ ಹಿಂದೆ ಗೋಡೆಗೊರಗಿದ ಮೊರ. ಲಾಟೀನು, ಟ್ರಂಕಿಗೆ ಗುಜರಿಯವನು ತೂಕ ನೋಡಿ ಏನಾದರೂ ಕೊಟ್ಟಾನು. ಮೊರವನ್ನು ಅವನೂ ಮುಟ್ಟುವುದಿಲ್ಲ. ಅಕ್ಕಿ ಕಲ್ಲಿಲ್ಲದೆ ಪೊಟ್ಟಣದಲ್ಲಿ ಬರುವಾಗ ಕೇರುವವರಾದರೂ ಯಾರು?

ಹಾಗೆ ಕೆಲಸ ಕಳೆದುಕೊಂಡ ಮೊರ ಈಗ ಬಣ್ಣ ಹಚ್ಚಿಸಿಕೊಂಡು ಫ್ಲ್ಯಾಟುಗಳ ಹಜಾರದ ಗೋಡೆ ಏರುತ್ತಿದೆ. ಹಾಲಿನ ಕ್ಯಾನು, ಶರಬತ್ತಿನ ಬಾಟಲಿ, ಮುರುಕು ಸ್ಟೂಲು ಅದರ ಹಿಂದೆಯೇ ಬಂದಿವೆ. ಈ ಹವ್ಯಾಸವನ್ನು ಅಪ್‌ಸೈಕ್ಲಿಂಗ್ ಎನ್ನುತ್ತಾರೆ. ನಮ್ಮ ಅಜ್ಜಿಯರು ಇದಕ್ಕೆ ಹೆಸರನ್ನೇ ಇಟ್ಟಿರಲಿಲ್ಲ. ಹಳೇ ಕಾಗದ ನೆನೆಹಾಕಿ, ನೆನೆದ ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಮೊರದ ಸಂದುಗಳಿಗೆ ಮೆತ್ತಿ ಬಿಸಿಲಿಗಿಡುತ್ತಿದ್ದರು. ಮೆಂತ್ಯದ ಲೋಳೆಯೇ ಅಂಟು, ಅದರ ಕಹಿಯೇ ಹುಳಕ್ಕೆ ಮದ್ದು. ಮಿಕ್ಕ ಹಿಟ್ಟನ್ನು ಬಿಂದಿಗೆಯ ಬೆನ್ನಿಗೆ ಬಳಿದು ಒಣಗಿಸಿ ಬಿಡಿಸಿದರೆ ಒಂದು ಬುಟ್ಟಿ!

ಬಣ್ಣದ ಮಾತಿಗೆ ಬಂದರೆ ಮಲೆನಾಡಿಗೇ ಹೋಗಬೇಕು. ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ದಸರೆಯ ಹೊತ್ತಿಗೆ ಬಿದಿರ ಬುಟ್ಟಿ ಹೊರಬರುತ್ತದೆ. ಅದಕ್ಕೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಹೆಂಗಸರು ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರೇ ಕುಂಚ. ಕಪ್ಪು ಬೇಕಾದರೆ ಅಕ್ಕಿಯನ್ನು ಕರಿಕಾಗುವಂತೆ ಹುರಿದು ಅರೆಯುತ್ತಾರೆ. ಹಳದಿ ಗುರಿಗೆ ಕಾಯಿಯಿಂದ. ಶೀಗಿ ಹುಣ್ಣಿಮೆಗೆ, ಅಂದರೆ ಭೂಮಿ ಹುಣ್ಣಿಮೆಗೆ, ಬಸುರಿ ಭೂಮಿಯ ಬಯಕೆಯೂಟ ಹೊತ್ತು ಗದ್ದೆಗೆ ಹೋಗುವುದು ಇದೇ ಭೂಮಣ್ಣಿ ಬುಟ್ಟಿ. ಮದುವೆಮನೆಯ ಗೋಡೆಯ ಹಸೆ ಚಿತ್ತಾರಕ್ಕೂ ಇದಕ್ಕೂ ಕೈ ಒಂದೇ. ಏಣಿಯಂಥ ಗೆರೆ, ಭತ್ತದ ಸಸಿ, ಅಡ್ಡ ಓರೆ ಎಳೆಗಳ ಲೆಕ್ಕಾಚಾರ. ಮೊರದ ನೇಯ್ಗೆಯಲ್ಲೇ ಚೌಕಗಳಿರುವುದರಿಂದ ಈ ಗೆರೆಗಳು ಅದರ ಮೇಲೆ ತಾವಾಗಿ ಕೂರುತ್ತವೆ. ಗುಲಾಬಿ ಹೂವಿನ ಗೊಂಚಲು ಬಿಡಿಸಿದ ಮೊರಗಳನ್ನೂ ಕಂಡಿದ್ದೇನೆ. ಅವು ಗ್ರೀಟಿಂಗ್ ಕಾರ್ಡಿನಂತೆ ಕಾಣುತ್ತವೆ, ಮೊರದಂತಲ್ಲ.

ಕೆಲಸದಲ್ಲಿ ಅರ್ಧ ಪಾಲು ಬಣ್ಣಕ್ಕೆ ಮೊದಲೇ ಮುಗಿಯಬೇಕು. ಮೊರವನ್ನು ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಎರಡು ಬಿಸಿಲು ಕಾಣಿಸಿ. ಹಸಿ ಬಿದಿರಿನ ಮೇಲೆ ಬಣ್ಣ ಹಚ್ಚಿದರೆ ಒಳಗೆ ಬೂಸಲು ಖಂಡಿತ. ಆಮೇಲೆ ತೆಳ್ಳಗೆ ಪ್ರೈಮರ್, ಅಕ್ರಿಲಿಕ್ಕಿನ ಎರಡು ಲೇಪ, ಕೊನೆಗೆ ವಾರ್ನಿಷ್. ಬಾಟಲಿಯಾದರೆ ಸೋಪಿನ ನೀರಲ್ಲಿ ರಾತ್ರಿಯಿಡೀ ನೆನೆಸಿ, ಲೇಬಲ್ಲು ಕಿತ್ತು, ಜಿಡ್ಡು ಹೋಗುವಂತೆ ತೊಳೆದರೆ ಸರಿ.

ಕಬ್ಬಿಣದ್ದೇ ತಕರಾರು. ಮನೆಯ ಹಳೇ ಟ್ರಂಕಿಗೆ ಒಮ್ಮೆ ನಾನು ಅವಸರದಲ್ಲಿ ತುಕ್ಕಿನ ಮೇಲೆಯೇ ನೀಲಿ ಬಳಿದು, ನವಿಲು ಬಿಡಿಸಿ, ಬಂದವರಿಗೆಲ್ಲ ತೋರಿಸಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೆದ್ದು ನವಿಲಿಗೆ ಸಿಡುಬು ಬಂದಂತಾಯಿತು. ಸ್ಯಾಂಡ್‌ಪೇಪರಿನಲ್ಲಿ ತುಕ್ಕು ಕೆರೆದು, ರೆಡ್ ಆಕ್ಸೈಡ್ ಪ್ರೈಮರ್ ಕೊಟ್ಟು ಮತ್ತೆ ಮೊದಲಿಂದ ಮಾಡಬೇಕಾಯಿತು. ಈಗ ಗಟ್ಟಿಯಾಗಿದೆ. ನವಿಲು ಮಾತ್ರ ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ.

ಎಲ್ಲಕ್ಕೂ ಬಣ್ಣ ಬಳಿಯುವ ಹುಚ್ಚು ಬೇಡ. ತಾಮ್ರದ ಹಂಡೆ, ಹಿತ್ತಾಳೆಯ ಚೊಂಬಿಗೆ ಹುಣಸೆಹಣ್ಣು ಸಾಕು. ಹಲಸು, ತೇಗದ ಪೆಟ್ಟಿಗೆಗೆ ಎಣ್ಣೆ ಸಾಕು. ಅದರ ಎಳೆಗಿಂತ ಚೆಂದದ ಚಿತ್ರ ನಮಗೆ ಬರೆಯಲು ಬಾರದು. ಬೆಲೆ ಬಾರದ ವಸ್ತುವಿಗಷ್ಟೇ ಕುಂಚ ತೋರಿಸಿ. ಬಣ್ಣ ಹಚ್ಚಿದ ಪಾತ್ರೆಯಲ್ಲಿ ಮತ್ತೆ ತಿನ್ನುವ ಪದಾರ್ಥ ಇಡಬೇಡಿ.

ಚಿತ್ತಾರದ ಮೊರ ಮಾರುವ ಮಟ್ಟಕ್ಕೆ ಬಂದವರಲ್ಲಿ ಒಂದು ಕೋರಿಕೆ: ಅದರ ಬೆನ್ನಿಗೆ ‘ದೀವರ ಚಿತ್ತಾರ’ ಎಂದು ಬರೆಯಿರಿ. ಗೆರೆ ಯಾರದೆಂದು ಕೊಂಡವರಿಗೂ ಗೊತ್ತಾಗಲಿ.