ಅರ್ಧ ಬೆಳಕಿನ ಮುಖ



ಇರಕಲ್ಲಗಡದಂತಹ ಊರಿನಲ್ಲಿ ರಾತ್ರಿ ಕರೆಂಟು ಹೋದಾಗ ಪಡಸಾಲೆಯ ಮೂಲೆಯಲ್ಲಿ ಕಂದೀಲು ಹಚ್ಚಿಟ್ಟರೆ ಏನಾಗುತ್ತದೆ? ಎದುರು ಕುಳಿತ ಅಜ್ಜನ ಅರ್ಧ ಮುಖ ಬೆಳಕಿನಲ್ಲಿ, ಇನ್ನರ್ಧ ಕತ್ತಲೆಯಲ್ಲಿ. ದಿನವೂ ನೋಡುವ ಮುಖವೇ ಆದರೂ ಅದರಲ್ಲಿ ನಮಗೆ ತಿಳಿಯದ್ದೇನೋ ಇದೆ ಎನಿಸುತ್ತದೆ. ಅಪರಾಧ ಚಿತ್ರಗಳ ಒಂದು ಪ್ರಕಾರ ನಿಂತಿರುವುದೇ ಈ ಅನಿಸಿಕೆಯ ಮೇಲೆ.

1946ರಲ್ಲಿ ಫ್ರಾನ್ಸಿನ ವಿಮರ್ಶಕ ನೀನೊ ಫ್ರಾಂಕ್ ಅಮೆರಿಕದ ಕೆಲವು ಅಪರಾಧ ಚಿತ್ರಗಳನ್ನು 'ಫಿಲ್ಮ್ ನ್ವಾರ್' ಎಂದು ಕರೆದರು. ನ್ವಾರ್ ಎಂದರೆ ಕಪ್ಪು. ಮುಂದೆ ವರ್ಣಚಿತ್ರಗಳ ಕಾಲದಲ್ಲಿ ಅದೇ ಮನೋಧರ್ಮದಿಂದ ಬಂದ ಚಿತ್ರಗಳಿಗೆ 'ನಿಯೋ ನ್ವಾರ್' ಎಂಬ ಹೆಸರಾಯಿತು.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಹೇಮಂತ್ ಎಂ. ರಾವ್ ನಿರ್ದೇಶನದ 'ಕವಲುದಾರಿ' (2019). ಬೆಂಗಳೂರಿನಲ್ಲಿ ಮೆಟ್ರೊ ಕಾಮಗಾರಿಗಾಗಿ ನೆಲ ಅಗೆಯುವಾಗ ಮನುಷ್ಯರ ಎಲುಬುಗಳು ಸಿಗುತ್ತವೆ. ಅವು ಸುಮಾರು 40 ವರ್ಷ ಹಳೆಯವು. ಇದರ ಬೆನ್ನು ಹತ್ತುವ ಶ್ಯಾಮ್ (ರಿಷಿ) ಸಂಚಾರ ಪೊಲೀಸ್ ಅಧಿಕಾರಿ. ಕವಲುದಾರಿಯಲ್ಲಿ ನಿಂತು ವಾಹನ ನಿಯಂತ್ರಿಸುವುದು ಅವನ ಕೆಲಸ. ಕೊಲೆ ತನಿಖೆ ಅವನದಲ್ಲ. ಮೀಸೆ ತಿರುವಿ ಹತ್ತು ಜನರನ್ನು ಕೆಡವುವ ಇನ್‌ಸ್ಪೆಕ್ಟರನ್ನು ನೋಡಿ ರೂಢಿಯಾದ ನಮಗೆ ಈ ಅಧಿಕಾರವಿಲ್ಲದ ನಾಯಕ ವಿಚಿತ್ರವಾಗಿ ಕಾಣಬಹುದು. ಚಿತ್ರದ ಸೆಳೆತ ಇರುವುದು ಅಲ್ಲಿಯೇ. ಯಾರೂ ಕೇಳದಿರುವಾಗ, ಬಡ್ತಿಯೂ ಸಿಗದಿರುವಾಗ, ಎಂದೋ ಸತ್ತವರಿಗಾಗಿ ಒಬ್ಬನೇಕೆ ನಿದ್ದೆಗೆಡಬೇಕು?

ಆ ಪ್ರಕರಣವನ್ನು ಹಿಂದೆ ನೋಡಿದ್ದ ನಿವೃತ್ತ ಅಧಿಕಾರಿ ಮುತ್ತಣ್ಣನ ಪಾತ್ರದಲ್ಲಿ ಅನಂತನಾಗ್ ಇದ್ದಾರೆ. ಶ್ಯಾಮ್‌ಗೆ ತಿಳಿಯುವ ಆತುರ. ಮುತ್ತಣ್ಣನಿಗೆ ತಿಳಿದದ್ದರ ಭಾರ. ಪತ್ತೇದಾರಿ ಕಥೆಯಲ್ಲಿ ಸಾಮಾನ್ಯವಾಗಿ ಕೊಲೆಗಾರ ಸಿಕ್ಕರೆ ಎಲ್ಲವೂ ಸರಿಹೋಗುತ್ತದೆ. ನ್ವಾರ್ ಚಿತ್ರದಲ್ಲಿ ಹಾಗಲ್ಲ. ಸತ್ಯ ತಡವಾಗಿ ಬರುತ್ತದೆ, ಅಷ್ಟರಲ್ಲಿ ಕಳೆದುಕೊಳ್ಳಬೇಕಾದವರು ಕಳೆದುಕೊಂಡಿರುತ್ತಾರೆ. ಕಾನೂನು ಮತ್ತು ನ್ಯಾಯ ಎರಡೂ ಒಂದೇ ದಾರಿಯಲ್ಲಿ ಹೋಗುತ್ತವೆಯೇ ಎಂಬ ಪ್ರಶ್ನೆಯನ್ನೂ ಈ ಚಿತ್ರ ನಮ್ಮ ಮುಂದಿಡುತ್ತದೆ. ಅಂತ್ಯವನ್ನು ಇಲ್ಲಿ ಹೇಳುವುದಿಲ್ಲ. ನೋಡದವರ ಶಾಪ ನಮಗೇಕೆ!

ಅದ್ವೈತ ಗುರುಮೂರ್ತಿ ಅವರ ಛಾಯಾಗ್ರಹಣ, ಚರಣ್ ರಾಜ್ ಅವರ ಸಂಗೀತ ಚಿತ್ರಕ್ಕೆ ಬೆಡಗು ತಂದಿವೆ ನಿಜ. ಆದರೆ ಮಬ್ಬು ಬೆಳಕು, ಸಿಗರೇಟಿನ ಹೊಗೆ ತೋರಿಸಿದ ಮಾತ್ರಕ್ಕೆ ಚಿತ್ರ ನ್ವಾರ್ ಆಗುವುದಿಲ್ಲ. ಹೀಗೆ ಬರಿಯ ಶೋಕಿಗೆ ಕತ್ತಲೆ ತುಂಬಿದ ಚಿತ್ರಗಳೂ ಬೇಕಾದಷ್ಟಿವೆ. 'ಕವಲುದಾರಿ' ನೋಡುವಾಗ ಮುತ್ತಣ್ಣ ಮಾತು ನಿಲ್ಲಿಸಿ ಸುಮ್ಮನಾಗುವ ಗಳಿಗೆಗಳನ್ನು ಗಮನಿಸಿ. ಆಗ ಅವನ ಮುಖದ ಮೇಲೆ ಬೆಳಕು ಎಷ್ಟಿದೆ, ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಿ.